ಮುಟ್ಟಿದರೆ ಕೂಗುವ ಬೆಲ್

ಬೇಕರಿಗೆ ಒತ್ತಿಕೊಂಡಿದ್ದ ಆ ಮನೆಯಲ್ಲಿ ಸಂಜೆ ಬೆಲ್ ಹೊಡೆದರೆ "ಯಾರು?" ಅಂತ ಯಾರೂ ಕೇಳುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅಮ್ಮ ಹೊಲಿಗೆ ಮಿಷನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸುವಳು, ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದಿಡುವಳು, ಎದ್ದು ಹೋಗಿ ಬಾಗಿಲು ತೆಗೆಯುವಳು. ಬೀದಿ ದೀಪ ಆಗಷ್ಟೇ ಹತ್ತಿರುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ.

"ಬಾ" ಅನ್ನುವಳು ಅಮ್ಮ. ಒಬ್ಬರು ಒಳಗೆ ಬರುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತು, ಆಮೇಲೆ ಬಾಗಿಲು ಹಾಕುವಳು.

ಊಟಕ್ಕೆ ಕೂತಾಗ ಐದು ತಟ್ಟೆ. ಇದ್ದವರು ನಾಲ್ಕು ಜನ: ಅಮ್ಮ, ಅಪ್ಪ, ಅಪ್ಪನ ತಾಯಿ ಅಂದರೆ ಅಜ್ಜಿ, ಮತ್ತೆ ಹನ್ನೆರಡನೇ ತರಗತಿಯಲ್ಲಿ ಓದುತ್ತಿದ್ದ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಆಗಿನಿಂದ ಎಲ್ಲರಿಗೂ ಅವಳು ಗುಬ್ಬಿ. ಐದನೆಯ ತಟ್ಟೆ ಅವಳ ಅಣ್ಣನದು. ಜೇಬಿನಲ್ಲಿ ಯಾವಾಗಲೂ ಒಂದು ತುಂಡು ತಂತಿ ಇಟ್ಟುಕೊಂಡು ತಿರುಗುತ್ತಿದ್ದ ಅವನನ್ನು ಬೀದಿಯವರು ವೈರು ಅಂತಲೇ ಕರೆಯುತ್ತಿದ್ದರು. ಶಾಲೆಯ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್ ಲ್ಯಾಬ್ ಮುಗಿಸಿ ಸೈಕಲ್ ಮೇಲೆ ಬರುತ್ತಿದ್ದವನನ್ನು ಲಾರಿಯೊಂದು ದೊಡ್ಡ ರಸ್ತೆಯ ತಿರುವಿನಲ್ಲೇ ಉಳಿಸಿಕೊಂಡುಬಿಟ್ಟಿತು.

ಆ ಬೆಲ್ಲನ್ನು ಮಾಡಿದವನೂ ಅವನೇ. ಮಿಷನ್ನಿನ ಸದ್ದಿಗೆ ಅಮ್ಮನಿಗೆ ಬಾಗಿಲು ತಟ್ಟಿದ್ದು ಕೇಳುವುದಿಲ್ಲ ಅಂತ ಚೌಕಟ್ಟಿನ ಮೇಲೆ ಎರಡು ತಾಮ್ರದ ಪಟ್ಟಿ ಕೂರಿಸಿ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದ. ಒತ್ತುವ ಗುಂಡಿ ಇರಲಿಲ್ಲ. ಎರಡೂ ಪಟ್ಟಿಗೆ ತಾಗುವ ಹಾಗೆ ಬೆರಳಿಟ್ಟರೆ ಸಾಕು, ಅಲ್ಲಿಂದ ಗೋಡೆಯುದ್ದಕ್ಕೂ ಓಡಿದ ತಂತಿ ಹಿಂದಿನ ಕೋಣೆಯ ಪೆಟ್ಟಿಗೆಗೆ ಸುದ್ದಿ ಮುಟ್ಟಿಸಿ ಬೆಲ್ ಕೂಗುತ್ತಿತ್ತು. ಅವನು ಮನೆಗೆ ಬಂದಾಗಲೆಲ್ಲ ಎರಡು ಸಲ ಮುಟ್ಟುತ್ತಿದ್ದ. ಈಗ ಸಂಜೆ ತಾನಾಗಿ ಕೂಗುವ ಬೆಲ್ಲೂ ಎರಡೇ ಸಲ ಕೂಗುತ್ತಿತ್ತು.

ಅಪ್ಪ ಊರಿನ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವವನು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಹೋಗಬೇಕು ಅನ್ನುವುದು ಅವನ ಉದ್ದನೆಯ ಕಬ್ಬಿಣದ ಕೀಲಿಯಲ್ಲಿತ್ತು. ಕೆಸರು ಬೂಟು ಅಂತ ನೆಪ ಹೇಳಿ ಯಾವಾಗಲೂ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಮಗ ಹೋದಮೇಲೆ ಮುಂಬಾಗಿಲಿನ ಆ ತಾಮ್ರವನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ.

ಒಂದು ದಿನ ಅವನು ತಟ್ಟೆಗಳ ಕಡೆ ನೋಡಿ ಅಂದ, "ಸತ್ತವನಿಗೆ ಇಡೀ ಮೊಟ್ಟೆ, ಬದುಕಿರೋಳಿಗೆ ಅರ್ಧ. ಇದ್ಯಾವ ನ್ಯಾಯ?"

"ನ್ಯಾಯ ಕೇಳೋರು ಸಂಜೆ ಮನೇಲಿದ್ದು ಬಾಗಿಲು ತೆಗೀಬೇಕಿತ್ತು" ಅಂದಳು ಅಮ್ಮ.

"ಯಾರಿಗೆ ತೆಗೀಲಿ? ಗಾಳಿಗಾ?"

"ನಿಮಗೆ ಗಾಳಿ. ನನಗಲ್ಲ."

"ನಾಳೆ ಬೆಳಿಗ್ಗೆ ಆ ಮೊಟ್ಟೇನ ಗುಬ್ಬಿ ಡಬ್ಬಿಗೆ ತಾನೇ ಹಾಕೋದು? ಈಗಲೇ ಕೊಟ್ರೆ ಬಿಸಿಯಾಗಿ ತಿಂತಾಳೆ."

"ನಂಗೆ ತಣ್ಣಗಿರೋದೇ ಇಷ್ಟ ಅಪ್ಪ" ಅಂದಳು ಗುಬ್ಬಿ.

"ಸುಳ್ಳು ಹೇಳೋಕೂ ಒಂದು ಮುಖ ಬೇಕು, ನಿಂಗಿಲ್ಲ" ಅಂತ ಅಜ್ಜಿ ಅವಳ ತಟ್ಟೆಗೆ ತನ್ನ ಅರ್ಧವನ್ನೂ ಹಾಕಿದಳು. "ತಿನ್ನು. ನನಗೆ ಹಲ್ಲಿಲ್ಲ."

"ಮೊಟ್ಟೆಗೆ ಹಲ್ಲು ಯಾಕಜ್ಜಿ?"

"ಇರೋ ಒಂದೆರಡು ಮಾತಾಡೋಕೆ ಬೇಕಲ್ಲ, ಅದಕ್ಕೇ ಉಳಿಸಿಕೊಂಡಿದೀನಿ. ತಿನ್ನು ಸುಮ್ನೆ."

ಗುಬ್ಬಿ ಓದುತ್ತಿದ್ದ ಮೂರು ವಿಷಯಗಳ ಹಿಂದೆಯೂ ಒಬ್ಬೊಬ್ಬರಿದ್ದರು. ಅರ್ಥಶಾಸ್ತ್ರ ಅಪ್ಪನ ಆಯ್ಕೆ. ಅದನ್ನು ಓದಿದವರಿಗೆ ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಸಿಗುತ್ತದೆ ಅಂತ ಅವನಿಗೆ ಯಾರೋ ಹೇಳಿದ್ದರು. ಎಲೆಕ್ಟ್ರಾನಿಕ್ಸ್ ಅಮ್ಮನದು: "ಅಣ್ಣನ ಪುಸ್ತಕ ಇದೆ, ಸಾಮಾನಿದೆ, ಅವನು ನಿಲ್ಲಿಸಿದಲ್ಲಿಂದ ನೀನು ಹಿಡಿ." ಶಿಕ್ಷಣಶಾಸ್ತ್ರವೊಂದೇ ಅವಳ ಸ್ವಂತದ್ದು. ಮಕ್ಕಳು ಹೇಗೆ ಕಲಿಯುತ್ತಾರೆ, ಕಲಿತದ್ದನ್ನು ಯಾಕೆ ಮರೆಯುತ್ತಾರೆ ಅನ್ನುವ ಪಾಠ ಅವಳಿಗೆ ಕಥೆಯ ಹಾಗೆ ರುಚಿಸುತ್ತಿತ್ತು. ದಾಖಲಾತಿಯ ದಿನ ಗುಮಾಸ್ತ ಕನ್ನಡಕ ಮೇಲೇರಿಸಿ, "ಇದೇನಮ್ಮ, ಮೂರು ಊರಿಗೆ ಹೋಗೋಕೆ ಒಂದೇ ಟಿಕೆಟ್ ತಗೊಂಡ ಹಾಗಿದೆಯಲ್ಲ?" ಅಂದಿದ್ದ. ಅವಳಿಗೆ ಹೋಗಬೇಕಾಗಿದ್ದದ್ದು ಒಂದೇ ಊರಿಗೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಇನ್ನೊಂದು ಊರಿನಲ್ಲಿ ಶಿಕ್ಷಕರ ತರಬೇತಿ ಕಾಲೇಜಿತ್ತು, ಪಕ್ಕದಲ್ಲೇ ಹುಡುಗಿಯರ ಹಾಸ್ಟೆಲ್ಲು. ಮೂರೂ ವಿಷಯ ಪಾಸಾದರೆ ಸೀಟು ಕೊಡುತ್ತೇವೆ ಅಂದಿದ್ದರು.

ಅಡುಗೆಮನೆಯ ನೆಲದ ಮೇಲೆ ಆಲೂಗಡ್ಡೆ ಸಿಪ್ಪೆ ಸುಲಿಯುತ್ತ ಅವಳು ಗಟ್ಟಿಯಾಗಿ ಬಾಯಿಪಾಠ ಮಾಡುವಳು. ಅಜ್ಜಿ ಪರೀಕ್ಷಕಿ.

"ಅವಕಾಶ ವೆಚ್ಚ ಅಂದರೆ, ಒಂದನ್ನು ಆರಿಸಿಕೊಂಡಾಗ ನಾವು ಕೈಬಿಟ್ಟ ಇನ್ನೊಂದರ ಬೆಲೆ."

"ಅಂದ್ರೆ?"

"ನೀನು ಈಗ ಆಲೂಗಡ್ಡೆ ಬೇಯಿಸಿದರೆ, ಅದೇ ಒಲೆ ಮೇಲೆ ಚಹಾ ಕಾಯಿಸೋಕಾಗಲ್ಲ. ಆ ಚಹಾನೇ ಆಲೂಗಡ್ಡೆಯ ಬೆಲೆ."

"ಓಹೋ. ಹಾಗಾದ್ರೆ ನಿಮ್ಮಪ್ಪನ್ನ ಕಟ್ಟಿಕೊಂಡಿದ್ದಕ್ಕೆ ನಿಮ್ಮಮ್ಮ ಕೊಟ್ಟ ಬೆಲೆ, ಮೊದಲು ಹೆಣ್ಣು ನೋಡೋಕೆ ಬಂದಿದ್ದ ಆ ಪೋಸ್ಟ್‌ಮ್ಯಾನು."

"ಅತ್ತೆ!" ಹಿಂದಿನ ಕೋಣೆಯಿಂದ ಅಮ್ಮನ ದನಿ.

"ಕಿವಿ ಕೇಳಲ್ಲ ಅಂತ ಬೆಲ್ ಹಾಕಿಸಿಕೊಂಡೋಳಿಗೆ ಇದು ಮಾತ್ರ ಕೇಳ್ತು ನೋಡು" ಅಂದಳು ಅಜ್ಜಿ. ಅಮ್ಮ ನಕ್ಕ ಸದ್ದು ಬಂತು. ಅಪರೂಪಕ್ಕೆ ಬರುತ್ತಿದ್ದ ಸದ್ದು ಅದು. ಗುಬ್ಬಿ ಚಾಕು ಹಿಡಿದ ಕೈ ನಿಲ್ಲಿಸಿ, ಅದು ಮುಗಿಯುವವರೆಗೂ ಕೇಳಿಸಿಕೊಂಡಳು.

ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಅವಳ ಅಣ್ಣನಿಗೂ ಕಲಿಸಿದವರು. ಹಾಜರಿ ಕರೆಯುವಾಗ ಅವಳ ಸಂಖ್ಯೆ ಬಂದರೆ ಒಂದು ಗಳಿಗೆ ತಡೆದು ಮುಂದೆ ಹೋಗುತ್ತಿದ್ದರು. ಟ್ರಾನ್ಸಿಸ್ಟರ್ ಪಾಠದ ದಿನ ಅವರು ಒಂದು ಸಣ್ಣ ಬಲ್ಬಿನ ಸರ್ಕಿಟ್ ಕಟ್ಟಿ, ಒಳಬರುವ ತಂತಿಯನ್ನು ಎಲ್ಲಿಗೂ ಸೇರಿಸದೆ ಗಾಳಿಯಲ್ಲಿ ಬಿಟ್ಟರು. ಮೂಲೆಯಲ್ಲಿದ್ದ ಡ್ರಿಲ್ಲಿಂಗ್ ಮಿಷನ್ ಹಾಕಿದರು. ಬಲ್ಬು ಮಿಣಮಿಣ ಅಂತು. ಯಾರೂ ಮುಟ್ಟಿರಲಿಲ್ಲ.

"ದೆವ್ವ ಸಾರ್!" ಅಂದ ಹಿಂದಿನ ಬೆಂಚಿನ ಹುಡುಗ.

"ದೆವ್ವಾನೂ ಅಲ್ಲ, ನಿಮ್ಮಜ್ಜನೂ ಅಲ್ಲ. ಉದ್ದ ತಂತಿ ಬಾಯಿ ತೆರೆದುಕೊಂಡು ಬಿದ್ದಿದ್ರೆ, ಹತ್ತಿರದ ಮೋಟಾರಿನ ಕಿಡಿಯ ಗಲಾಟೇನೆಲ್ಲ ನುಂಗುತ್ತೆ. ಸರ್ಕಿಟ್ಟು ಅದನ್ನೇ ಸುದ್ದಿ ಅಂತ ನಂಬುತ್ತೆ. ಇಲ್ಲೊಂದು ರೆಸಿಸ್ಟರ್ ಹಾಕಿ ನೆಲಕ್ಕೆ ಕಟ್ಟಿದ್ರೆ ಮುಗೀತು. ಗಲಾಟೆ ನೆಲಕ್ಕೆ ಹೋಗುತ್ತೆ."

ಗುಬ್ಬಿಯ ಪೆನ್ನು ನಿಂತುಬಿಟ್ಟಿತು. ಅಣ್ಣ ಹೋದಮೇಲೆ ಬೇಕರಿಯವನು ಹಾಕಿಸಿದ್ದ ಹಿಟ್ಟು ನಾದುವ ಮಿಷನ್ನು ಅವರ ಗೋಡೆಯ ಆಚೆಗೇ ಇತ್ತು. ಬೆಲ್ಲಿನ ತಂತಿ ಈಚೆಗೆ. ಅವನು ಬೆಳಗಿನ ಬ್ರೆಡ್ಡಿಗೆ ಹಿಂದಿನ ಸಂಜೆಯೇ ಹಿಟ್ಟು ಹಾಕುತ್ತಿದ್ದ. ಮಿಷನ್ ಒಂದು ಸಲ ಹೊರಳಿಸಿ, ನಿಲ್ಲಿಸಿ, ಅಂಚಿಗೆ ಅಂಟಿದ್ದನ್ನು ಕೆರೆದು, ಮತ್ತೆ ಹಾಕುತ್ತಿದ್ದ. ಅಷ್ಟೇ. ಎರಡು ಸಲ.

ಅವತ್ತು ಊಟಕ್ಕೆ ಕೂತಾಗ ಅವಳು ಬಾಯಿ ತೆಗೆದಳು. "ಅಮ್ಮ, ಪಕ್ಕದ ಬೇಕರಿ ಮಿಷನ್ನಿದೆಯಲ್ಲ..."

ಅಮ್ಮ ಐದನೆಯ ತಟ್ಟೆಗೆ ಬೇಳೆ ಬಡಿಸುತ್ತಿದ್ದಳು. ಮೇಲಿನ ತಿಳಿ ಬಿಟ್ಟು ಸೌಟನ್ನು ತಳಕ್ಕೆ ಇಳಿಸಿ, ಗಟ್ಟಿ ಬೇಳೆಯನ್ನು ಆರಿಸಿ ಹಾಕುತ್ತಿದ್ದಳು. ವೈರು ತಿಳಿ ಬಿದ್ದರೆ ಮುಖ ಸೊಟ್ಟ ಮಾಡುತ್ತಿದ್ದ.

"ಏನು ಮಿಷನ್ನು?"

"ಏನಿಲ್ಲ. ತುಂಬಾ ಸದ್ದು ಮಾಡುತ್ತೆ. ಓದೋಕಾಗಲ್ಲ."

"ಹತ್ತಿ ಇಟ್ಕೋ ಕಿವಿಗೆ" ಅಂದ ಅಪ್ಪ.

ಕೆಲವು ವಾರ ಹೀಗೇ ನಡೆಯಿತು. ಪರೀಕ್ಷೆ ಹತ್ತಿರ ಬಂತು. ಆಗ ಬೇಕರಿಯವನ ಮಿಷನ್ನಿನ ಮೋಟಾರು ಸುಟ್ಟುಹೋಯಿತು. ಅವನೂ ಬೇಸತ್ತಿದ್ದನೋ ಏನೋ, ಶಟರ್ ಎಳೆದು, "ಮುಚ್ಚಿದೆ" ಅಂತ ಸುಣ್ಣದಲ್ಲಿ ಬರೆದು, ತಮ್ಮನ ಅಂಗಡಿಯಲ್ಲಿ ದುಡಿಯುತ್ತೇನೆ ಅಂತ ಬೇರೆ ಊರಿಗೆ ಹೊರಟುಹೋದ.

ಆ ಸಂಜೆ ಬೆಲ್ ಕೂಗಲಿಲ್ಲ.

ಅಮ್ಮ ಮಿಷನ್ ನಿಲ್ಲಿಸಿದಳು, ಹಾಕಿದಳು, ನಿಲ್ಲಿಸಿದಳು. ಬೀದಿ ದೀಪ ಹತ್ತಿತು. ಬಾಗಿಲು ತೆಗೆದು ನೋಡಿದಳು. ಮರುದಿನವೂ ಹಾಗೇ. ಅದರ ಮರುದಿನ ಶಾಲೆಯ ಸಮವಸ್ತ್ರದ ಅಂಗಿಯೊಂದಕ್ಕೆ ಎರಡೂ ಎಡತೋಳು ಹೊಲಿದುಬಿಟ್ಟಳು. ಊಟಕ್ಕೆ ಐದು ತಟ್ಟೆ ಇಟ್ಟಳು, ಯಾವುದಕ್ಕೂ ಬಡಿಸಲಿಲ್ಲ. ಅಜ್ಜಿಯೇ ಎದ್ದು ಬಡಿಸಬೇಕಾಯಿತು.

"ನೀವು ಮೊಟ್ಟೆ ಮಾತು ಎತ್ತಿದಿರಿ" ಅಂದಳು ಅಮ್ಮ, ಅಪ್ಪನಿಗೆ. "ಅವನ ಎದುರಿಗೇ. ಕೇಳಿಸಿಕೊಂಡ. ಬರೋದು ಬಿಟ್ಟ."

"ನಾನು ಬೈದಿದ್ದಕ್ಕೆ ಬರೋದು ಬಿಡೋನಾಗಿದ್ರೆ, ಅವನು ಏಳನೇ ವಯಸ್ಸಿಗೇ ಮನೆ ಬಿಟ್ಟಿರ್ತಿದ್ದ."

"ತಮಾಷೆ ಮಾಡ್ತೀರಾ?"

"ಅಳಲಾ? ಹೇಳು. ಅಳೋದಾದ್ರೆ ನಂಗೂ ಬರುತ್ತೆ." ಅಪ್ಪ ತುತ್ತು ಹಿಡಿದುಕೊಂಡೇ ಇದ್ದ. "ಎರಡು ವರ್ಷ ಆಯ್ತು. ನಾನು ಆ ತಿರುವಿನ ವಾಲ್ವ್ ದಿನಾ ತಿರುಗಿಸ್ತೀನಿ. ಅದೇ ತಿರುವು. ಬಗ್ಗಿ ಕೀಲಿ ಹಾಕಿ ತಿರುಗಿಸ್ತೀನಿ, ಕೆಳಗೆ ನೀರು ಹೋಗೋ ಸದ್ದು ಕೇಳುತ್ತೆ. ನಂಗೆ ಬೆಲ್ ಬೇಕಾಗಿಲ್ಲ."

ಅಮ್ಮ ಎದ್ದು ಹೋಗಿ ಮಿಷನ್ ಮುಂದೆ ಕೂತಳು. ಬಟ್ಟೆ ಇರಲಿಲ್ಲ, ಬರಿ ಸೂಜಿ ಓಡುತ್ತಿತ್ತು.

ಮಾರನೆಯ ದಿನ ಗುಬ್ಬಿ ಶಾಲೆಯಿಂದ ಓಡಿ ಬಂದಳು. ಬೀದಿಯಲ್ಲಿ ಆಚೀಚೆ ನೋಡಿದಳು. ತಾಮ್ರದ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒಳಗೆ ಬೆಲ್ ಕೂಗಿತು. ಮಿಷನ್ ನಿಂತಿತು. ಅವಳು ಬೇಕರಿಯ ಪಕ್ಕದ ಸಂದಿಯಲ್ಲಿ ನುಗ್ಗಿ, ಮನೆಯ ಹಿಂದೆ ಸುತ್ತಿ, ಹಿತ್ತಲಿನಿಂದ ಒಳಗೆ ಬಂದಾಗ ಅಮ್ಮ ಮುಂಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದಳು.

"ಬಂದ ಕಣೇ" ಅಂದಳು ಅಮ್ಮ. ಕಣ್ಣು ತುಂಬಿತ್ತು. "ನೀನೂ ಬಂದೆಯಾ? ಬಾ, ಕೈಕಾಲು ತೊಳಿ."

ಅಂದು ಅಮ್ಮ ಉಂಡಳು. ಗುಬ್ಬಿಗೆ ಇಡೀ ಮೊಟ್ಟೆ ಬಿತ್ತು.

ಪಾಪ, ಒಂದು ದಿನದ ಮಟ್ಟಿಗೆ ಅಂತ ಮಾಡಿದ್ದು ಅದು. ಮರುದಿನ ಮಾಡದೆ ಇರುವುದು ಹೇಗೆ? ಶಾಲೆ ಬಿಟ್ಟಮೇಲೆ ಲ್ಯಾಬಿನಲ್ಲಿ ವಿಶೇಷ ತರಗತಿ ಶುರುವಾಗಿತ್ತು. ಉಳಿದವರು ಬೆಸುಗೆ ಹಾಕುವುದು, ಮೀಟರ್ ಓದುವುದು ಕಲಿಯುತ್ತಿದ್ದರು. ಗುಬ್ಬಿ ಗಂಟೆ ಹೊಡೆದ ಕೂಡಲೇ ಚೀಲ ಎತ್ತಿ ಓಡುತ್ತಿದ್ದಳು.

"ಎಲ್ಲಿಗೆ ಓಡ್ತೀಯಮ್ಮ ದಿನಾ?" ಮೇಷ್ಟ್ರು ಒಂದು ದಿನ ಬಾಗಿಲಲ್ಲೇ ಹಿಡಿದರು. "ಪ್ರಾಕ್ಟಿಕಲ್ಲಿನಲ್ಲಿ ಫೇಲಾದ್ರೆ ಉಳಿದದ್ದೆಲ್ಲ ನೀರಲ್ಲಿ ಹೋಮ. ನಿಂಗೆ ಆ ಕಾಲೇಜು ಬೇಕೋ ಬೇಡವೋ?"

"ಬೇಕು ಸಾರ್."

"ಮತ್ತೆ?"

"ಮನೇಲಿ ಕೆಲಸ ಇದೆ ಸಾರ್."

"ಏನು ಕೆಲಸ?"

"ಬಾಗಿಲು..." ಅಂದಳು. ಮೇಷ್ಟ್ರು ಅವಳ ಮುಖ ನೋಡಿ ದಾರಿ ಬಿಟ್ಟರು.

ಕಾಲೇಜಿನ ವಿಷಯ ಮನೆಯಲ್ಲಿ ಮಾತಿಗೆ ಬಂದಾಗ ಅಮ್ಮ ತುಂಬ ಸಮಾಧಾನವಾಗಿದ್ದಳು. ಒಗೆದ ಬಟ್ಟೆ ಮಡಿಸುತ್ತಿದ್ದಳು; ನಡುವೆ ಅಣ್ಣನ ಎರಡು ಅಂಗಿಯೂ ಇದ್ದವು, ಯಾರೂ ತೊಡದವು, ಆದರೂ ತಿಂಗಳಿಗೊಮ್ಮೆ ಒಗೆಯುವವು.

"ಹಾಸ್ಟೆಲ್ಲಿಗೆ ಹೋಗ್ತೀಯಾ? ಹೋದ್ರೆ ಸಂಜೆ ಅವನು ಬಂದಾಗ ತಂಗಿ ಎಲ್ಲಿ ಅಂತ ಕೇಳಲ್ವಾ?"

"ಅಮ್ಮ, ಅಣ್ಣ ಕೇಳಲ್ಲ."

"ಯಾಕೆ ಕೇಳಲ್ಲ? ಅಷ್ಟು ದೂರದಿಂದ ಅವನೇ ದಿನಾ ಬರ್ತಾನೆ. ನಿಂಗೆ ಮನೇಲಿರೋಕೆ ಏನು ಕಷ್ಟ?"

"ಹುಡುಗಿ ಹೋಗ್ಲಿ ಬಿಡು" ಅಂದ ಅಪ್ಪ, ಹಿತ್ತಲಲ್ಲಿ ಬೂಟು ಕೆರೆಯುತ್ತ. "ನಮ್ಮ ಮನೇಲಿ ಒಬ್ಬರಾದ್ರೂ ಬಸ್ ಹತ್ತಿ ಹೋಗಿ, ಅಲ್ಲಿ ಇಳಿದೆ ಅಂತ ಹೇಳಲಿ."

"ನಿಮ್ಮನ್ನ ಕೇಳಲಿಲ್ಲ. ಅವನನ್ನ ಕೇಳ್ತೀನಿ. ಇವಳು ಹೋಗ್ಲಿ ಅನ್ನೋದಾದ್ರೆ ಒಂದು ದಿನ ಬರೋದು ನಿಲ್ಲಿಸ್ತಾನೆ. ಬರ್ತಾನೇ ಇದ್ರೆ ಎಲ್ಲರೂ ಮನೇಲಿರಲಿ ಅಂತ ಅರ್ಥ."

ಬೆಲ್ ಕೂಗಿದರೆ ತಾನು ಹೋಗುವಂತಿಲ್ಲ. ಕೂಗದಿದ್ದರೆ ಅಮ್ಮ ಮತ್ತೆ ಬರಿ ಸೂಜಿ ಓಡಿಸುತ್ತ ಕೂರುತ್ತಾಳೆ. ಮರುದಿನ ಸಂಜೆ ಬಾಗಿಲ ಮುಂದೆ ಬಹಳ ಹೊತ್ತು ನಿಂತಳು. ಒಳಗೆ ಮಿಷನ್ ತಡೆತಡೆದು ಓಡುತ್ತಿತ್ತು, ಕಿವಿಗೊಟ್ಟವರ ಹಾಗೆ. ಮುಟ್ಟಿಯೇಬಿಟ್ಟಳು. ಮುಟ್ಟಿ ತಿರುಗಿದರೆ ಸಂದಿಯ ಬಾಯಲ್ಲಿ ಅಜ್ಜಿ, ಸೊಂಟದ ಮೇಲೆ ಕೈ.

"ನಾನೂ ಕೆಲವು ದಿನದಿಂದ ಲೆಕ್ಕ ಹಾಕ್ತಾ ಇದೀನಿ" ಅಂದಳು ಅಜ್ಜಿ, ದನಿ ತಗ್ಗಿಸಿ. "ಮೊಮ್ಮಗ ಮುಂದಿನಿಂದ ಬರ್ತಾನೆ, ಮೊಮ್ಮಗಳು ಅದೇ ಗಳಿಗೆಗೆ ಹಿಂದಿನಿಂದ ಬರ್ತಾಳೆ, ಏದುಸಿರು ಬಿಡ್ತಾ. ದೆವ್ವ ಯಾರಮ್ಮ ಈ ಮನೇಲಿ?"

"ಅಜ್ಜಿ, ಅಮ್ಮನಿಗೆ ಹೇಳಬೇಡ."

"ಹೇಳಿದ್ರೆ ನನಗೇ ಅನ್ನ ಬೀಳಲ್ಲ. ಆದ್ರೆ ನಿನ್ನ ಪರೀಕ್ಷೆ ಕಥೆ ಏನು?"

"ಕೊನೇ ಪ್ರಾಕ್ಟಿಕಲ್ಲು ಮಧ್ಯಾಹ್ನದ ಮೇಲಿದೆ. ಮುಗಿಯೋದು ಸಂಜೆ ಆಗುತ್ತೆ."

"ಅವತ್ತು ನಾನು ಮುಟ್ತೀನಿ. ಅದರಲ್ಲೇನಿದೆ ವಿದ್ಯೆ?"

ಅಮ್ಮ ಹೊಲಿದ ಬಟ್ಟೆ ಕೊಡಲು ಹೋಗಿದ್ದ ಒಂದು ಬೆಳಿಗ್ಗೆ ಅಜ್ಜಿ ಅಭ್ಯಾಸಕ್ಕೆ ನಿಂತಳು. ತಾಮ್ರದ ಮೇಲೆ ಬೆರಳಿಟ್ಟಳು. ಬೆಲ್ ಸುಮ್ಮನಿತ್ತು. ಇನ್ನಷ್ಟು ಒತ್ತಿದಳು. ಬೇರೆ ಬೆರಳು, ಬೇರೆ ಕೈ. ಏನೂ ಇಲ್ಲ.

"ಇದೇನೇ? ನನ್ನ ಬೆರಳಿಗೆ ಜೀವ ಇಲ್ವಾ? ಇದಕ್ಕೆ ನಾನೂ ಸತ್ತೋಳ ಲೆಕ್ಕಾನಾ?"

"ಚರ್ಮ ಒಣಗಿದೆ ಅಜ್ಜಿ. ಒಣ ಚರ್ಮದಲ್ಲಿ ಕರೆಂಟು ಹರಿಯಲ್ಲ. ಒದ್ದೆ ಮಾಡ್ಕೊ."

ಅಜ್ಜಿ ಬೆರಳು ನೆಕ್ಕಿ ಇಟ್ಟಳು. ಬೆಲ್ ಕಿರುಚಿತು. ಅಜ್ಜಿ ಬೆಚ್ಚಿ ಹಿಂದೆ ಸರಿದು, ಆಮೇಲೆ ತನ್ನ ಬೆರಳನ್ನೇ ಬಹಳ ಹೊತ್ತು ನೋಡಿಕೊಂಡಳು. "ಉಗುಳು ಇರೋವರೆಗೆ ಬದುಕಿದೀನಿ ಅನ್ನು" ಅಂದಳು. ಗುಬ್ಬಿ ನಕ್ಕಳು. ಅಜ್ಜಿ ನಗಲಿಲ್ಲ.

ಪ್ರಾಕ್ಟಿಕಲ್ ದಿನ ಎರಡನೆಯ ತಂಡದಲ್ಲಿ ಅವಳ ಸರದಿ. ಮೊದಲ ತಂಡ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಬೀಸಣಿಗೆಯಂತೆ ಉತ್ತರಪತ್ರಿಕೆ ಬೀಸಿಕೊಳ್ಳುತ್ತ ಕೂತರು. ಕರೆಂಟು ಬಂದಾಗ ಕಿಟಕಿಯಾಚೆಯ ಬೆಳಕು ಹಳದಿಗೆ ತಿರುಗಿತ್ತು. ಗುಬ್ಬಿಗೆ ಬಂದದ್ದು ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಬಳಸುವ ಸರ್ಕಿಟ್. ಕಟ್ಟಿದಳು. ಬಲ್ಬು ಹತ್ತಲಿಲ್ಲ. ಬಿಚ್ಚಿದಳು, ಮತ್ತೆ ಕಟ್ಟಿದಳು. ಕಿವಿಯಲ್ಲಿ ಮನೆಯ ಮಿಷನ್ನು ತಡೆತಡೆದು ಓಡುತ್ತಿತ್ತು.

"ಬ್ಯಾಟರಿ ತಿರುಗಿಸಿ ಹಾಕಿದೀಯ ನೋಡು" ಅಂತ ಪರೀಕ್ಷಕರು ಹೇಳಬಾರದಿತ್ತು, ಆದರೆ ಅವರಿಗೂ ಮನೆಗೆ ಹೋಗುವ ಆತುರ. ತಿರುಗಿಸಿದಳು. ಬಲ್ಬು ಹತ್ತಿತು. ಬರೆದು ಕೊಟ್ಟು ಹೊರಗೆ ಬಂದಾಗ ಬೀದಿ ದೀಪಗಳೆಲ್ಲ ಹತ್ತಿ ಬಹಳ ಹೊತ್ತಾಗಿತ್ತು.

ದೊಡ್ಡ ರಸ್ತೆಯ ತಿರುವಿನಲ್ಲಿ ಲಾರಿಗಳು. ದಾಟಿ, ಬೀದಿಯ ಬಾಯಿಗೆ ಬರುವಾಗಲೇ ಅವಳಿಗೆ ಕೇಳಿಸಿತು. ಬೆಲ್ ಕೂಗುತ್ತಿತ್ತು. ಒಂದು ಸಲವಲ್ಲ, ಎರಡು ಸಲವಲ್ಲ. ನಿಲ್ಲದೆ, ಒಂದೇ ಉಸಿರಿಗೆ, ಬ್ಯಾಟರಿ ಸೊರಗಿ ದನಿ ಗೊಗ್ಗರಾದರೂ ಬಿಡದೆ ಕೂಗುತ್ತಿತ್ತು. ಎದುರುಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು.

ಮೆಟ್ಟಿಲ ಮೇಲೆ, ಹೊರಗೆ, ಅಮ್ಮ ನಿಂತಿದ್ದಳು. ಮುಖ ಬಾಗಿಲ ಕಡೆಗಿರಲಿಲ್ಲ, ಬೀದಿಯ ಕಡೆಗಿತ್ತು. ಕೈ ಹಿಂದೆ ಚಾಚಿ ಬೆರಳನ್ನು ತಾಮ್ರಕ್ಕೆ ಅದುಮಿ ಹಿಡಿದಿದ್ದಳು.

ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ ಹೇಳುತ್ತಿದ್ದಳು, "ಸಾಕು ಬಿಡೇ, ಬರ್ತಾಳೆ. ಕರೆಂಟು ಹೋಗಿತ್ತಲ್ಲ, ಲೇಟಾಗಿರುತ್ತೆ."

"ಅಮ್ಮ!"

ಅಮ್ಮ ಬೆರಳು ತೆಗೆದಳು. ಬೀದಿ ಒಮ್ಮೆಗೇ ಮೌನವಾಯಿತು. ಗುಬ್ಬಿಯ ಎರಡೂ ತೋಳು ಹಿಡಿದು, ಬಟ್ಟೆಯ ಅಳತೆ ತೆಗೆಯುವವಳ ಹಾಗೆ ಭುಜದಿಂದ ಮಣಿಕಟ್ಟಿನವರೆಗೂ ಮುಟ್ಟಿ ನೋಡಿದಳು.

"ಮುಟ್ಟಿದ್ರೆ ಬರ್ತೀಯ ಅಂತ" ಅಂದಳು.

"ಅಜ್ಜಿ ಮುಟ್ಟಲಿಲ್ವಾ?" ಬಾಯಿಜಾರಿ ಬಂತು.

"ಮುಟ್ಟಿದೆ ಕಣೇ" ಅಂದಳು ಅಜ್ಜಿ. "ಒಳಗಿಂದಲೇ 'ಅತ್ತೆ, ಒಳಗೆ ಬನ್ನಿ, ಶೀತ ಆಗುತ್ತೆ' ಅಂದ್ಲು. ಅಷ್ಟಕ್ಕೇ ನನ್ನ ಬಣ್ಣ ಬಯಲು."

ಗುಬ್ಬಿ ಮೆಟ್ಟಿಲ ಮೇಲೆ ಕೂತಳು. ಅಮ್ಮನೂ ಪಕ್ಕದಲ್ಲಿ ಕೂತಳು.

"ನಿಂಗೆ ಗೊತ್ತಿತ್ತಾ?" ಅಂದಳು ಗುಬ್ಬಿ.

"ಅವನು ಮೊದಲನೇ ಸಲ ಮುಟ್ಟಿ, ಚಪ್ಪಲಿ ಬಿಟ್ಟು, ಆಮೇಲೆ ಎರಡನೇ ಸಲ ಮುಟ್ಟುತ್ತಿದ್ದ. ನಡುವೆ ಅಷ್ಟು ಹೊತ್ತಿರುತ್ತಿತ್ತು. ನಿಂದು ಒಂದರ ಮೇಲೊಂದು, ಓಡಿ ಬಂದ ಉಸಿರಿನ ಥರ. ಮೊದಲ ದಿನವೇ ಗೊತ್ತಾಯ್ತು."

"ಅದಕ್ಕೆ ಮುಂಚೆ ಬರ್ತಿದ್ದಿದ್ದು ಬೇಕರಿ ಮಿಷನ್ನಮ್ಮ. ತಂತಿ ಅದನ್ನ ಹಿಡೀತಿತ್ತು. ಅಣ್ಣ ಅಲ್ಲ."

"ಇರಬಹುದು" ಅಂದಳು ಅಮ್ಮ. "ಅದು ನಿಂತಾಗ ಮನೇಲಿ ಯಾರೂ ಇರಲಿಲ್ಲ. ಆಮೇಲೆ ನೀನು ಬಂದೆ."

"ಮತ್ತೆ ಯಾಕೆ ಸುಮ್ನಿದ್ದೆ? ನಾನು ದಿನಾ ಲ್ಯಾಬ್ ಬಿಟ್ಟು ಓಡಿ ಬರ್ತಿದ್ದೆ. ನೀನು ದಿನಾ ಬಾಗಿಲು ತೆಗೆದು ಬಾ ಅಂತಿದ್ದೆ. ಯಾರಿಗೆ ಅಮ್ಮ?"

ಅಮ್ಮ ತಿರುವಿನ ಕಡೆ ನೋಡುತ್ತಿದ್ದಳು. ಒಂದು ಲಾರಿಯ ದೀಪ ಗೋಡೆಗಳ ಮೇಲೆ ಹರಿದು ಹೋಯಿತು.

"ಬೆಳಕಿರುವಾಗಲೇ ಬರ್ತಿದ್ದೆಯಲ್ಲ" ಅಂದಳು. "ಬೆಲ್ ಕೂಗ್ತು ಅಂದ್ರೆ ನೀನು ಆ ತಿರುವು ದಾಟಿ ಬಂದೆ ಅಂತ. ನಂಗೆ ಅಷ್ಟೇ ಬೇಕಿತ್ತು. ಅವನ ಹೆಸರಲ್ಲಿ ಕಟ್ಟಿಹಾಕಿದ್ರೆ ನೀನು ಬಿಡಿಸಿಕೊಳ್ಳಲ್ಲ ಅಂತ ಗೊತ್ತಿತ್ತು. ತಪ್ಪೋ ಸರಿಯೋ, ಕಟ್ಟಿಹಾಕಿದೆ."

ಗುಬ್ಬಿಗೆ ಸಿಟ್ಟು ಬಂತು. ಅಳುವೂ ಬಂತು. ಎರಡೂ ಒಟ್ಟಿಗೆ ಬಂದಿದ್ದರಿಂದ ಯಾವುದೂ ಹೊರಗೆ ಬರಲಿಲ್ಲ.

"ನಾನು ಹೋಗ್ತೀನಮ್ಮ. ಪಾಸಾದ್ರೆ ಹೋಗ್ತೀನಿ."

ಅಮ್ಮ ಸೆರಗಿಗೆ ಅಂಟಿದ್ದ ದಾರದ ತುಂಡೊಂದನ್ನು ಕಿತ್ತು ಬಿಸಾಡಿದಳು. ಆಮೇಲೆ ಕೇಳಿದಳು, "ಅಲ್ಲಿ ಸಂಜೆ ಗೇಟು ಎಷ್ಟು ಹೊತ್ತಿಗೆ ಹಾಕ್ತಾರೆ?"

"ಕತ್ತಲಾಗೋಕೆ ಮುಂಚೆ."

"ಒಳಗೆ ಎಲ್ಲರೂ ಬಂದ್ರಾ ಅಂತ ನೋಡಿ ಹಾಕ್ತಾರಾ?"

"ಹೆಸರು ಕೂಗಿ ಹಾಕ್ತಾರೆ."

"ಹ್ಞೂಂ" ಅಂದಳು ಅಮ್ಮ. "ನೀನು ಗಟ್ಟಿಯಾಗಿ ಇದ್ದೀನಿ ಅನ್ನು. ಮೆತ್ತಗೆ ಅನ್ನಬೇಡ, ನಿಂದು ಗುಬ್ಬಿ ದನಿ."

ಗುಬ್ಬಿ ಪಾಸಾದಳು. ಎಲೆಕ್ಟ್ರಾನಿಕ್ಸ್‌ನಲ್ಲಿ ತೀರ ಅಂಚಿನಲ್ಲಿ, ಅಜ್ಜಿಯ ಮಾತಲ್ಲಿ ಹೇಳುವುದಾದರೆ ಬಾಗಿಲಿಗೆ ಲಂಗ ಸಿಕ್ಕಿಕೊಂಡ ಹಾಗೆ.

ಹೊರಡುವ ಬೆಳಿಗ್ಗೆ ಅಪ್ಪ ಟ್ರಂಕನ್ನು ಅಭ್ಯಾಸಬಲದಿಂದ ಹಿತ್ತಲಿಗೆ ಒಯ್ದ. ಅಮ್ಮ ತಡೆಯಲಿಲ್ಲ, ಮುಂಬಾಗಿಲಿನಿಂದ ಹೋದವನ ನೆನಪು ಅವಳಿಗೂ ಇತ್ತು. ಗುಬ್ಬಿಯೇ ಅಂದಳು, "ಅಪ್ಪ, ಮುಂದಿನಿಂದ ಹೋಗೋಣ."

ಅಪ್ಪ ಟ್ರಂಕು ಇಳಿಸಿ ನಿಂತ. ಅಮ್ಮನ ಮುಖ ನೋಡಿದ. ಅಮ್ಮ ಹೋಗಿ ಚಿಲಕ ತೆಗೆದಳು. ಟ್ರಂಕು ಹೊತ್ತ ಗಂಡನಿಗೂ, ಚೀಲ ಹಿಡಿದ ಮಗಳಿಗೂ ಜಾಗ ಬಿಟ್ಟು, ದಿನವೂ ಸಂಜೆ ನಿಲ್ಲುತ್ತಿದ್ದ ಹಾಗೆ ಪಕ್ಕಕ್ಕೆ ಸರಿದು ನಿಂತಳು. ಒಳಗೆ ಬರುವವರ ಬದಲು ಈ ಸಲ ಹೊರಗೆ ಹೋಗುವವರು.

ಅಪ್ಪ ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟು, ರಾತ್ರಿ ಆ ಊರಲ್ಲೇ ಉಳಿದು, ಮರುದಿನ ಸಂಜೆಯ ಬಸ್ಸಿಗೆ ಮರಳಿದ. ಬೀದಿ ದೀಪ ಹತ್ತಿತ್ತು. ಮನೆಯ ಮುಂಬಾಗಿಲು ಪೂರ್ತಿ ತೆರೆದಿತ್ತು. ಅಮ್ಮ ಹೊಲಿಗೆ ಮಿಷನ್ನನ್ನು ಹಿಂದಿನ ಕೋಣೆಯಿಂದ ಎಳೆದು ತಂದು ಹೊಸ್ತಿಲ ಬಳಿಯೇ ಹಾಕಿಕೊಂಡು, ಬೀದಿಗೆ ಮುಖ ಮಾಡಿ ಕೂತಿದ್ದಳು. ಬಾಗಿಲು ತೆರೆದಿದ್ದರೆ ಬೆಲ್ ಯಾರಿಗೆ ಬೇಕು? ಅಪ್ಪ ಹಿತ್ತಲಿಗೆ ಸುತ್ತಿ ಹೋಗಲು ಸಂದಿಯ ಕಡೆ ಹೆಜ್ಜೆ ಇಟ್ಟವನು ತಿರುಗಿ ಬಂದು, ಬೂಟು ಮೆಟ್ಟಿಲ ಮೇಲೇ ಬಿಚ್ಚಿದ.

"ತಲುಪಿದ್ಲು. ನನ್ನೆದುರಿಗೇ ಹೆಸರು ಕೂಗಿದ್ರು."

"ಇದ್ದೀನಿ ಅಂದ್ಲಾ?"

"ಅಂದ್ಲು."

"ಗಟ್ಟಿಯಾಗಿ?"

"ಗೇಟಿನಾಚೆ ನಂಗೂ ಕೇಳಿಸ್ತು."

ಅಮ್ಮ ತಲೆಯಾಡಿಸಿ ದಾರ ಪೋಣಿಸಿದಳು. ಅಪ್ಪ ಒಳಗೆ ಹೋಗಿ ನೀರು ಕುಡಿದು ಬಂದ. ಅಜ್ಜಿ ಊಟಕ್ಕೆ ಕರೆದಳು. ಅಮ್ಮ ಏಳಲಿಲ್ಲ. ಬಾಗಿಲಾಚೆ ಬೀದಿ ಖಾಲಿಯಾಗಿತ್ತು, ದೀಪದ ಕೆಳಗಿನ ಜಾಗವೊಂದೇ ಬೆಳ್ಳಗೆ ಕಾಣುತ್ತಿತ್ತು.

"ಬಾಗಿಲು ಹಾಕಲ್ವಾ? ಸೊಳ್ಳೆ ಬರ್ತವೆ" ಅಂದ ಅಪ್ಪ.

"ಬರ್ಲಿ ಬಿಡಿ" ಅಂದಳು ಅಮ್ಮ. "ಬರೋರೆಲ್ಲ ಬರ್ಲಿ."